ನೀವು ಕೇಳಿದ್ದು: ಐರ್ಲೆಂಡಿನ 'ಕಪ್ಪು 47'

ಪ್ರಶ್ನೆ: ಐರ್ಲೆಂಡಿನ ಆಲೂಗಡ್ಡೆ ಬರದಲ್ಲಿ 1847ನೇ ಇಸವಿಯನ್ನು 'ಕಪ್ಪು 47' ಅಂತ ಕರೆಯುತ್ತಾರಂತೆ. ಆ ವರ್ಷ ರೋಗ ಅಷ್ಟೊಂದು ಜೋರಾಗಿತ್ತಾ? (ಓದುಗರೊಬ್ಬರು, ಹಾಸನ)

ಇಲ್ಲ. ಆ ವರ್ಷ ರೋಗ ಕಡಿಮೆಯೇ ಇತ್ತು. ನಿಮ್ಮ ಜಿಲ್ಲೆಯ ಆಲೂಗಡ್ಡೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಅಂಗಮಾರಿಯೇ ಅಲ್ಲಿಗೂ ಬಂದಿದ್ದು. 1845ರಲ್ಲಿ ಬೆಳೆಯ ಒಂದು ಪಾಲು ಹೋಯಿತು, 1846ರಲ್ಲಿ ಹೆಚ್ಚುಕಮ್ಮಿ ಪೂರ್ತಿ ಕೊಳೆಯಿತು. 1847ರಲ್ಲಿ ಗಿಡ ಚೆನ್ನಾಗೇ ಬಂತು, ಆದರೆ ಹಸಿವು ತಾಳಲಾರದೆ ಬಿತ್ತನೆ ಗಡ್ಡೆಯನ್ನೂ ಜನ ತಿಂದು ಮುಗಿಸಿದ್ದರಿಂದ ನೆಟ್ಟಿದ್ದೇ ತುಂಬಾ ಕಡಿಮೆ.

ಇನ್ನು ಕೊಂಡು ತಿನ್ನೋಣ ಅಂದರೆ ಕೈಯಲ್ಲಿ ಕಾಸು ಬೇಕಲ್ವಾ? ಐರ್ಲೆಂಡನ್ನು ಆಳುತ್ತಿದ್ದ ಬ್ರಿಟಿಷ್ ಸರ್ಕಾರ ಬರಗಾಲದ ಕಾಮಗಾರಿ ಶುರು ಮಾಡಿತ್ತು: ಕಲ್ಲು ಒಡೆಯುವುದು, ರಸ್ತೆ ಹಾಕುವುದು. ಮಾರ್ಚ್ ಹೊತ್ತಿಗೆ 7 ಲಕ್ಷಕ್ಕೂ ಜಾಸ್ತಿ ಜನ ಅಲ್ಲಿ ದುಡಿಯುತ್ತಿದ್ದರು. ಕೂಲಿ ಸಾಲುತ್ತಿರಲಿಲ್ಲ, ಅದೂ ಎಷ್ಟೋ ಕಡೆ ತಡವಾಗಿ ಬರುತ್ತಿತ್ತು. ಮಾಡಿದಷ್ಟು ಕೆಲಸಕ್ಕೆ ತಕ್ಕ ಹಣ ಅನ್ನುವ ಲೆಕ್ಕ ಬೇರೆ, ಹಾಗಾಗಿ ಮೈಯಲ್ಲಿ ಶಕ್ತಿ ಇಲ್ಲದವರಿಗೇ ಎಲ್ಲರಿಗಿಂತ ಕಡಿಮೆ ಸಿಗುತ್ತಿತ್ತು. ಹೇನಿನಿಂದ ಹರಡುವ ಜ್ವರ ಇಂಥವರನ್ನು ಸುಲಭವಾಗಿ ಹಿಡಿಯಿತು. ಕೆನಡಾಕ್ಕೆ ಹಡಗು ಹತ್ತಿದವರ ಜೊತೆಗೂ ಹೋಯಿತು. ಕ್ವಿಬೆಕ್ ಹತ್ತಿರದ ಗ್ರೋಸ್ ಈಲ್ ದ್ವೀಪದಲ್ಲಿ ಆ ಒಂದೇ ವರ್ಷ 5,000ಕ್ಕೂ ಹೆಚ್ಚು ಜನ ತೀರಿಕೊಂಡರು.

ಗಂಜಿ ಕೇಂದ್ರಗಳ ಕಥೆ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ. ಕಾಮಗಾರಿ ನಿಲ್ಲಿಸಿ ಊಟವನ್ನೇ ಹಂಚೋಣ ಅಂತ ಸರ್ಕಾರ ತೀರ್ಮಾನಿಸಿತು. ಆದರೆ ಎಷ್ಟೋ ಕಡೆ ಒಲೆ ಹಚ್ಚುವ ಮೊದಲೇ ಕೂಲಿಯವರನ್ನು ಮನೆಗೆ ಕಳಿಸಿತು. ಲಂಡನ್ನಿನ ಹೆಸರಾಂತ ಬಾಣಸಿಗ ಅಲೆಕ್ಸಿಸ್ ಸೋಯರ್ ಏಪ್ರಿಲ್‌ನಲ್ಲಿ ಡಬ್ಲಿನ್‌ನಲ್ಲಿ ಮಾದರಿ ಅಡುಗೆಮನೆ ತೆರೆದರು. ಗಂಟೆ ಬಾರಿಸಿದ ಕೂಡಲೇ 100 ಜನ ಒಳಗೆ ಬಂದು ಸೂಪ್ ಕುಡಿಯಬೇಕು, ಮತ್ತೆ ಗಂಟೆ ಬಾರಿಸಿದಾಗ ಎದ್ದು ಹೋಗಬೇಕು. ಚಮಚಗಳನ್ನು ಸರಪಳಿಯಲ್ಲಿ ಕಟ್ಟಿದ್ದರು. ಹಸಿದವರು ತಿನ್ನುವುದನ್ನು ನೋಡಲು ಉಳ್ಳವರು 5 ಶಿಲಿಂಗ್ ಕೊಟ್ಟು ಬಂದಿದ್ದರು! ಇಷ್ಟೆಲ್ಲ ಅವಮಾನ ಇದ್ದರೂ ಒಂದು ಮಾತು ಹೇಳಲೇಬೇಕು. ಜುಲೈ ಹೊತ್ತಿಗೆ ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಊಟ ಸಿಗುತ್ತಿತ್ತು. 1841ರ ಜನಗಣತಿಯಲ್ಲಿ ಇಡೀ ದೇಶದ ಜನಸಂಖ್ಯೆಯೇ 82 ಲಕ್ಷ. ಅಂದರೆ ಮನಸ್ಸು ಮಾಡಿದರೆ ಜನರನ್ನು ಉಳಿಸಲು ಆಗುತ್ತಿತ್ತು. ಆದರೂ ಶರತ್ಕಾಲ ಬರುವಷ್ಟರಲ್ಲಿ ಎಲ್ಲವನ್ನೂ ಮುಚ್ಚಿದರು.

ಆಮೇಲೆ ಹೊಣೆಯೆಲ್ಲ ಸ್ಥಳೀಯ ತೆರಿಗೆಯಲ್ಲಿ ನಡೆಯುವ ಬಡವರ ವಸತಿಗಳ ಮೇಲೆ ಬಿತ್ತು. ಜೊತೆಗೆ ವಿಲಿಯಂ ಗ್ರೆಗೊರಿ ಎಂಬ ಸಂಸದರು ತಂದ ಕಲಮು: ಕಾಲು ಎಕರೆಗಿಂತ, ನಮ್ಮ ಲೆಕ್ಕದಲ್ಲಿ 10 ಗುಂಟೆಗಿಂತ, ಹೆಚ್ಚು ಜಮೀನು ಗೇಣಿಗೆ ಹಿಡಿದವರಿಗೆ ಪರಿಹಾರ ಇಲ್ಲ. ಊಟ ಬೇಕಾದರೆ ಜಮೀನು ಬಿಡು ಅಂತ. ಎಷ್ಟೋ ಸಂಸಾರಗಳು ಬಿಟ್ಟವು, ಜಮೀನ್ದಾರರು ಮನೆಯನ್ನೂ ಕೆಡವಿಸಿದರು. ಆ ವರ್ಷದ ಹೆಸರಿಗೆ ಬರೀ ಗಡ್ಡೆ ರೋಗ ಕಾರಣ ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಸುತ್ತಲೂ ಸಮುದ್ರ ಇದೆ, ಮೀನು ಹಿಡಿದು ತಿನ್ನಬಹುದಿತ್ತಲ್ಲ? (ಕಾರವಾರ)

ನಿಮ್ಮೂರಿನವರಿಗೆ ಈ ಪ್ರಶ್ನೆ ಬರುವುದು ಸಹಜ. ಪಶ್ಚಿಮ ಕರಾವಳಿಯ ಬಡವರ ಹತ್ತಿರ ಇದ್ದದ್ದು ಚಿಕ್ಕ, ಹಗುರ ದೋಣಿಗಳು. ಅಟ್ಲಾಂಟಿಕ್ ಕೆರಳಿದಾಗ ಅವುಗಳಲ್ಲಿ ದೂರ ಹೋಗುವಂತಿರಲಿಲ್ಲ. ಗಾಲ್ವೇ ಪಕ್ಕದ ಕ್ಲಾಡಾ ಮೀನುಗಾರರು ಕಾಳು ಕೊಳ್ಳಲು ಬಲೆಗಳನ್ನೇ ಅಡವಿಟ್ಟರು. ಬಲೆ ಹೋದಮೇಲೆ ಮೀನು ಎಲ್ಲಿಂದ ಬರಬೇಕು?

ಪ್ರಶ್ನೆ: ಇದಕ್ಕೂ ಭಾರತಕ್ಕೂ ಏನಾದರೂ ನಂಟಿದೆಯಾ? (ಬಳ್ಳಾರಿ)

ಇದೆ. ಐರ್ಲೆಂಡಿಗೆ ಮೊದಮೊದಲು ಹೋದ ದೇಣಿಗೆಗಳಲ್ಲಿ ಕಲ್ಕತ್ತಾದಲ್ಲಿ ಕೂಡಿಸಿದ ಹಣವೂ ಇತ್ತು. ಇನ್ನು, ಪರಿಹಾರದ ಖರ್ಚನ್ನು ಬಿಗಿಯಾಗಿ ಹಿಡಿದ ಖಜಾನೆ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್ 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದರು. ಬಳ್ಳಾರಿ ಆಗ ಮದ್ರಾಸಿಗೇ ಸೇರಿತ್ತು. ನಮ್ಮ ಹಿರಿಯರು ಹೇಳುವ ಧಾತು ಈಶ್ವರ ಬರದಲ್ಲಿ, 1877ರಲ್ಲಿ, ರಿಚರ್ಡ್ ಟೆಂಪಲ್ ಎಂಬ ಇನ್ನೊಬ್ಬ ಅಧಿಕಾರಿ ಮದ್ರಾಸ್ ಪ್ರಾಂತ್ಯದ ಕಾಮಗಾರಿಗಳಲ್ಲಿ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದಾಣೆಗೆ ಇಳಿಸಿದರು. ಅದು ಅರ್ಧ ಕಿಲೋಗಿಂತಲೂ ಕಡಿಮೆ. ಕಲ್ಲು ಹೊರುವವನಿಗೆ ಅಷ್ಟು ಸಾಲದು ಅಂತ ಮದ್ರಾಸಿನ ವೈದ್ಯಾಧಿಕಾರಿ ಆಗಲೇ ಆಕ್ಷೇಪ ಎತ್ತಿದ್ದರು.