ಲೋಟದ ನೀರು ಆರುವ ಲೆಕ್ಕ

ಪ್ರಶ್ನೆ: ಸ್ಟೀಲ್ ಲೋಟದಲ್ಲಿ 200 ಮಿ.ಲೀ. ಬಿಸಿನೀರಿಟ್ಟು, ಮುಚ್ಚದೆ, ಹತ್ತು ನಿಮಿಷಕ್ಕೊಮ್ಮೆ ತಾಪಮಾನ ನೋಡಿದೆ: 86, 71, 60 ಡಿಗ್ರಿ ಸೆಲ್ಸಿಯಸ್. ಕೋಣೆಯಲ್ಲಿ 26 ಡಿಗ್ರಿ. ಕ್ಷಯ ಸ್ಥಿರಾಂಕ (ನೀರು ಎಷ್ಟು ಬೇಗ ಆರುತ್ತದೆಂದು ಹೇಳುವ ಸಂಖ್ಯೆ) ಮೊದಲ ಹತ್ತು ನಿಮಿಷಕ್ಕೆ 0.0192, ಮುಂದಿನ ಹತ್ತಕ್ಕೆ 0.0168 ಬಂತು. ಸ್ಥಿರಾಂಕ ಬದಲಾಗಬಹುದೆ?
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಅಳತೆ ಚೆನ್ನಾಗಿದೆ, ಎಡವಿದ್ದು ಲೆಕ್ಕದಲ್ಲಿ. 86ನ್ನು 71ರಿಂದ ಭಾಗಿಸಿ ಲಾಗ್ ತೆಗೆದಿದ್ದೀರಿ. ಆದರೆ ನೀರು ಆರುತ್ತಾ ಹೋಗಿ ನಿಲ್ಲುವುದು ಸೊನ್ನೆಯಲ್ಲಲ್ಲ, ಕೋಣೆಯ 26 ಡಿಗ್ರಿಯಲ್ಲಿ. ಘಾತೀಯವಾಗಿ, ಅಂದರೆ ಸಮ ಅವಧಿಗಳಲ್ಲಿ ಒಂದೇ ಅನುಪಾತದಲ್ಲಿ, ಇಳಿಯುವುದು ಕೋಣೆಗಿಂತ ಹೆಚ್ಚಿರುವ ಭಾಗ ಮಾತ್ರ. ಮೊದಲು 26 ಕಳೆಯಿರಿ: 60, 45, 34. 60/45ರ ನ್ಯಾಚುರಲ್ ಲಾಗ್ 0.288, ಹತ್ತು ನಿಮಿಷದಿಂದ ಭಾಗಿಸಿದರೆ 0.0288. 45/34ರಿಂದ 0.0280. ಉಳಿದ ಚೂರು ಅಂತರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 60 ಡಿಗ್ರಿಯನ್ನು 59.5 ಎಂದು ಓದಿದ್ದರೆ ಅದೇ 0.0295 ಆಗುತ್ತಿತ್ತು. 10ರ ಆಧಾರದ ಲಾಗ್ ಬಳಸುವವರು 2.303ರಿಂದ ಗುಣಿಸಬೇಕು.

ಈ ಸ್ಥಿರಾಂಕದ ಏಕಮಾನ 'ಪ್ರತಿ ನಿಮಿಷಕ್ಕೆ'. 0.693ನ್ನು 0.0288ರಿಂದ ಭಾಗಿಸಿದರೆ 24 ನಿಮಿಷ, ಅಂದರೆ ವ್ಯತ್ಯಾಸ ಅರ್ಧವಾಗುವ ಅವಧಿ. 86ರಿಂದ 56ಕ್ಕಿಳಿಯಲು 24 ನಿಮಿಷ, 56ರಿಂದ 41ಕ್ಕೂ ಅಷ್ಟೇ.

ಸ್ಥಿರಾಂಕ ನೀರೊಂದರ ಗುಣವಲ್ಲ. ಮೇಲ್ಮೈ, ಗಾಳಿ, ನೀರಿನ ತೂಕ ಎಲ್ಲವೂ ಅದರೊಳಗಿವೆ. ಅದೇ ಲೋಟಕ್ಕೆ ಅರ್ಧ ನೀರು ಹಾಕಿದರೆ ತೂಕ ಅರ್ಧವಾಗುತ್ತದೆ, ಬಾಯಿಯ ಅಗಲ ಹಾಗೇ ಇರುತ್ತದೆ. ಹಾಗಾಗಿ ಬೇಗ ಆರುತ್ತದೆ, ಆದರೆ ಎರಡು ಪಟ್ಟು ಬೇಗ ಅಲ್ಲ.

ಮುಂದಿನ ಸಲ ಲೋಟಕ್ಕೆ ಮುಚ್ಚಳ ಹಾಕಿ, ಅದರಲ್ಲೊಂದು ತೂತು ಮಾಡಿ ಥರ್ಮಾಮೀಟರ್ ಇಳಿಬಿಡಿ. ಒಂದೇ ಒಂದು ಗ್ರಾಂ ನೀರು ಆವಿಯಾದರೂ ಸುಮಾರು 2,400 ಜೂಲ್ ಶಾಖ ಹೊತ್ತೊಯ್ಯುತ್ತದೆ. 200 ಗ್ರಾಂ ನೀರು ಅಷ್ಟಕ್ಕೇ ಹತ್ತಿರಹತ್ತಿರ 3 ಡಿಗ್ರಿ ಇಳಿಯುತ್ತದೆ. ನೀರು ಕುದಿಬಿಸಿ ಇದ್ದಾಗ ಆವಿ ಜಾಸ್ತಿ, ಆದ್ದರಿಂದ ತೆರೆದ ಲೋಟದಲ್ಲಿ ಆರಂಭದ ಸ್ಥಿರಾಂಕ ದೊಡ್ಡದಾಗಿ ಕಾಣುತ್ತದೆ.

ಪ್ರಯೋಗಕ್ಕೆ ಫ್ಯಾನ್ ನಿಲ್ಲಿಸಬೇಕೆಂದು ಹಲವರು ತಿಳಿದಿದ್ದಾರೆ. ಮುಚ್ಚಳವಿದ್ದರೆ ಫ್ಯಾನ್ ಒಂದೇ ವೇಗದಲ್ಲಿ ಓಡುತ್ತಿರುವುದೇ ಒಳ್ಳೆಯದು. ನಿಂತ ಗಾಳಿಯಲ್ಲಿ ಬಿಸಿಗಾಳಿ ತಾನಾಗಿ ಮೇಲೇಳುತ್ತದೆ, ನೀರು ಆರಿದಂತೆ ಆ ಹರಿವೂ ಕುಗ್ಗುತ್ತದೆ, ಸ್ಥಿರಾಂಕವೂ ಜಾರುತ್ತದೆ. ವಸ್ತುಗಳು ಆರುವ ಈ ನಿಯಮ ಕೊಟ್ಟ ನ್ಯೂಟನ್ 1701ರ ಲೇಖನದಲ್ಲಿ ಕಾದ ಕಬ್ಬಿಣವನ್ನು ಇಟ್ಟದ್ದು ಏಕಪ್ರಕಾರ ಬೀಸುವ ಗಾಳಿಯಲ್ಲೇ.

ಓದುವ ಮುನ್ನ ನೀರನ್ನೊಮ್ಮೆ ಕಲಕಿ. ಕೋಣೆಯ ತಾಪಮಾನವನ್ನೂ ಪ್ರತಿ ಸಲ ಬರೆದುಕೊಳ್ಳಿ. ವ್ಯತ್ಯಾಸ 5 ಡಿಗ್ರಿಗಿಂತ ಕಡಿಮೆಯಾದ ಮೇಲಿನ ಅಂಕಿಗಳನ್ನು ಗ್ರಾಫಿಗೆ ಸೇರಿಸಬೇಡಿ, ಅಲ್ಲಿ ಅರ್ಧ ಡಿಗ್ರಿ ತಪ್ಪೆಂದರೆ ಶೇ 10ರಷ್ಟು ತಪ್ಪು.