ದೀಪಾವಳಿಯ ಗಡುವು, ಚಟ್ನಿಪುಡಿಯ ಲೆಕ್ಕ

ಪ್ರಶ್ನೆ: ಸರ್, ನಮಸ್ಕಾರ. ನಾವು ಗದಗ ಕಡೆಯವರು, ಹದಿನೆಂಟು ವರ್ಷದಿಂದ ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿದ್ದೇವೆ. ನಮ್ಮ ಮನೆಯವರದು ಸಣ್ಣ ಝೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ಈಗ ಎಲ್ಲವೂ ಮೊಬೈಲಿನಲ್ಲೇ ಆಗುವುದರಿಂದ ಗಳಿಕೆ ಅರ್ಧಕ್ಕೆ ಇಳಿದಿದೆ. ನಾನು ಪರಿಚಯದವರಿಗೆ ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿ ಮಾಡಿ ಕೊಡುತ್ತೇನೆ. ಹೋದ ತಿಂಗಳು ಸುಮಾರು ಮೂವತ್ತು ಮನೆಗಳಿಗೆ 12 ಕಿಲೋ ಹೋಯಿತು, ಹೆಚ್ಚಿನದು ಶೇಂಗಾ. ಕಾಲು ಕಿಲೋಗೆ 100 ರೂಪಾಯಿ ತಗೊಳ್ಳುತ್ತೇನೆ, ಸಾಮಾನಿಗೆ 48 ಬೀಳುತ್ತದೆ. ಇದರಿಂದ ತಿಂಗಳಿಗೆ 20,000 ಉಳಿಯಬೇಕೆಂದು ನನಗೆ ನಾನೇ ಗಡುವು ಹಾಕಿಕೊಂಡೆ. ಮೊದಲು ಯುಗಾದಿ ಅಂದುಕೊಂಡಿದ್ದೆ, ಆಮೇಲೆ ಅಕ್ಷಯ ತೃತೀಯಾ. ಎರಡೂ ಹೋದವು. ಈಗ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ದೀಪಾವಳಿಗೆ ಕೆಂಪು ಸುತ್ತು ಹಾಕಿದ್ದೇನೆ. ಬಂಗಾರ ಅಡ ಇಟ್ಟು 45,000ದ ಪುಡಿ ಮಾಡುವ ಮಷಿನ್ ತಗೊಂಡರೆ ಈ ಸಲವಾದರೂ ಮುಟ್ಟಬಹುದೇ? ಹುಬ್ಬಳ್ಳಿಯ ತಂಗಿಯೂ ಅಲ್ಲಿ ಮಾರಿಕೊಡುತ್ತೇನೆ, ಕೊರಿಯರ್ ಮಾಡು ಅನ್ನುತ್ತಿದ್ದಾಳೆ.
— ಒಬ್ಬ ಗೃಹಿಣಿ, ಡೊಂಬಿವಲಿ

ಉತ್ತರ: ಮಷಿನ್ ಬೇಡ ತಾಯಿ. ಯಾಕೆ ಅನ್ನುವುದಕ್ಕೆ ನಿಮ್ಮ ಲೆಕ್ಕವನ್ನೇ ಇನ್ನೊಮ್ಮೆ ಮಾಡೋಣ.

48 ರೂಪಾಯಿ ಸಾಮಾನಿನದು ಮಾತ್ರ. ಕವರು, ಲೇಬಲ್ಲಿಗೆ 6 ಸೇರಿಸಿ. ಹುರಿಯುವ ಗ್ಯಾಸು, ಮಿಕ್ಸಿಯ ಕರೆಂಟಿಗೆ 7. ಮನೆ ಮನೆಗೆ ಮುಟ್ಟಿಸುವ ಆಟೋಗೆ 5. ರುಚಿಗೆಂದು ಕೊಟ್ಟದ್ದು, ಚೆಲ್ಲಿದ್ದು, ಹಾಳಾದದ್ದಕ್ಕೆ 4. ಒಟ್ಟು 70. ಪ್ಯಾಕೆಟ್ಟಿಗೆ ಉಳಿಯುವುದು 30. ಹಾಗಾದರೆ 20,000 ಉಳಿಯಲು 667 ಪ್ಯಾಕೆಟ್, ಅಂದರೆ ಹತ್ತಿರ ಹತ್ತಿರ 167 ಕಿಲೋ ಹೋಗಬೇಕು. ಈಗ ಹೋಗುತ್ತಿರುವುದು 12. ಒಂದು ಮನೆಗೆ ತಿಂಗಳಿಗೆ ಎರಡು ಪ್ಯಾಕೆಟ್ ಎಂದು ಹಿಡಿದರೂ 334 ಮನೆ ಬೇಕು. ಮಷಿನ್ ಪುಡಿ ಮಾಡಿಕೊಡುತ್ತದೆ, ಮುನ್ನೂರು ಮನೆಯ ಬಾಗಿಲು ತಟ್ಟುವುದಿಲ್ಲ. ನಿಮಗೆ ಕಡಿಮೆ ಇರುವುದು ಗಿರಾಕಿ. ಎರಡು ಗಡುವು ತಪ್ಪಿದ್ದು ಸೋಮಾರಿತನದಿಂದ ಎಂದು ನಿಮ್ಮನ್ನು ನೀವೇ ಬೈದುಕೊಂಡಿರುತ್ತೀರಿ. ಆ ಅಂಕಿಯೇ ಮುಟ್ಟುವಂಥದ್ದಾಗಿರಲಿಲ್ಲ.

ಅಂಗಡಿಗೆ ಹಾಕಿದರೆ ಹೇಗೆ ಎಂದು ಮನೆಯವರು ಕೇಳಬಹುದು. ಅಂಗಡಿಯವನು ನೂರಕ್ಕೆ ಇಪ್ಪತ್ತೋ ಇಪ್ಪತ್ತೈದೋ ತನ್ನ ಪಾಲು ಕೇಳುತ್ತಾನೆ. ನಿಮ್ಮ 30ರಲ್ಲಿ ಏನು ಉಳಿಯಿತು ನೋಡಿ. ಮೇಲಾಗಿ ಮಹಾರಾಷ್ಟ್ರದಲ್ಲಿ ಶೇಂಗಾ ಚಟ್ನಿ ಎಂದರೆ ಸೊಲ್ಲಾಪುರ. ಅಲ್ಲಿಂದ ಗೋಣಿಗಟ್ಟಲೆ ಬರುವ ಮಾಲಿನ ಜೊತೆ ನೀವು ಬೆಲೆಯಲ್ಲಿ ಜಗ್ಗಾಡಬಾರದು.

ನಿಮ್ಮ ಬಲ ಇರುವುದು ಅಗಸಿ ಮತ್ತು ಗುರೆಳ್ಳಿನಲ್ಲಿ. ಇಲ್ಲಿನ ಮರಾಠಿ ಮನೆಗಳಿಗೂ ಅವು ಹೊಸವಲ್ಲ, ಜವಸ್, ಕಾರಳೆ ಎಂದರೆ ಅಜ್ಜಿಯ ಕೈರುಚಿ ನೆನಪಾಗುತ್ತದೆ. ಆದರೆ ಕೆಲಸಕ್ಕೆ ಹೋಗುವ ಸೊಸೆಗೆ ಹುರಿದು ಕುಟ್ಟಲು ಪುರಸೊತ್ತಿಲ್ಲ. ಅಂಗಡಿಯವರಿಗೂ ಇವು ತಲೆನೋವು, ಏಕೆಂದರೆ ಅಗಸಿಯಲ್ಲಿ ಎಣ್ಣೆ ಹೆಚ್ಚು, ಪುಡಿ ಮಾಡಿಟ್ಟರೆ ಬೇಗ ಕಮಟು ಹಿಡಿಯುತ್ತದೆ. ದೊಡ್ಡವರಿಗೆ ತೊಡಕಾದ ಈ ಗುಣವೇ ನಿಮಗೆ ಅನುಕೂಲ. ವಾರ ವಾರ ಹುರಿದು, ಕುಟ್ಟಿದ ದಿನಾಂಕ ಹಾಕಿ, ಕಾಲು ಕಿಲೋಗೆ 140 ಕೇಳಿ. ಸಾಮಾನಿಗೆ 50 ಹಿಡಿದರೂ, ಮೇಲಿನ 22 ಸೇರಿ 72 ಆಯಿತು. 68 ಉಳಿಯುತ್ತದೆ, ಶೇಂಗಾದ ಎರಡರಷ್ಟಕ್ಕಿಂತ ಹೆಚ್ಚು. ಅರವತ್ತು ಮನೆಗಳು ತಿಂಗಳಿಗೆ ಒಂದು ಅಗಸಿ, ಒಂದು ಗುರೆಳ್ಳು ತಗೊಂಡರೆ 8,160 ರೂಪಾಯಿ. ನಿಮ್ಮ ಕೆಂಪು ಸುತ್ತಿನೊಳಗೆ ಬರೆಯಬೇಕಾದ ಅಂಕಿ ಇದು. ಇಪ್ಪತ್ತು ಸಾವಿರ ಆಮೇಲಿನ ಮಾತು.

ಇನ್ನು ದಿನಾಂಕ. ದೀಪಾವಳಿ ತಪ್ಪು ದಿನ. ಆ ಹದಿನೈದು ದಿನ ಡೊಂಬಿವಲಿಯಲ್ಲಿ ಕಟ್ಟಡಕ್ಕೊಬ್ಬರು ಫರಾಳ, ಅಂದರೆ ಹಬ್ಬದ ತಿಂಡಿ, ಮಾಡುತ್ತಾರೆ. ಚಕಲಿ, ಚಿವಡಾ, ಕರಂಜಿಯ ಗದ್ದಲದಲ್ಲಿ ಚಟ್ನಿಪುಡಿಯನ್ನು ಯಾರು ನೋಡುತ್ತಾರೆ? ನೀವೂ ಫರಾಳಕ್ಕೆ ಕೈ ಹಾಕಿದಿರೋ, ಹಬ್ಬದಲ್ಲಿ ದುಡ್ಡು ಎಣಿಸಿ ಗೆದ್ದೆ ಅಂದುಕೊಳ್ಳುತ್ತೀರಿ. ಮುಂದಿನ ತಿಂಗಳು ಫೋನೇ ಬರುವುದಿಲ್ಲ. ಹಬ್ಬದ ಗಿರಾಕಿ ಬೇರೆ, ತಿಂಗಳ ಗಿರಾಕಿ ಬೇರೆ.

ಗಡುವನ್ನು ರಥಸಪ್ತಮಿಗೆ ಒಯ್ಯಿರಿ. ಮತ್ತೆ ಮುಂದೂಡಿದಂತಾಯಿತಲ್ಲ ಎನ್ನಬೇಡಿ. ಇದಕ್ಕೆ ಕಾರಣ ಇದೆ. ನೀವು ಬರೆದಿರುವುದು ಆಷಾಢದಲ್ಲಿ. ಮುಂದೆ ಶ್ರಾವಣ, ಎಷ್ಟೋ ಮನೆಗಳಲ್ಲಿ ಬೆಳ್ಳುಳ್ಳಿ ನಡೆಯುವುದಿಲ್ಲ, ಆ ತಿಂಗಳು ಬೆಳ್ಳುಳ್ಳಿ ಇಲ್ಲದ ಪುಡಿಯನ್ನೇ ಮಾಡಬೇಕು. ಚಳಿ ಬಿದ್ದ ಮೇಲೆ ಭಾಕರಿಯ, ಅಂದರೆ ನಮ್ಮ ರೊಟ್ಟಿಯ, ಊಟ ಹೆಚ್ಚು, ಸಂಕ್ರಾಂತಿಯ ಹಿಂದಿನ ಭೋಗಿಗಂತೂ ಸಜ್ಜೆ ರೊಟ್ಟಿ ಆಗಲೇಬೇಕು. ಅದಾದ ಮೇಲೆ ರಥಸಪ್ತಮಿಯವರೆಗೆ ಮನೆಮನೆಯಲ್ಲಿ ಅರಿಶಿನ-ಕುಂಕುಮ. ಬಂದ ಮುತ್ತೈದೆಯರಿಗೆ ‘ವಾಣ’ ಎಂದು ಕೊಡುವ ಪ್ಲಾಸ್ಟಿಕ್ ಡಬ್ಬಿ ಪ್ರತಿ ಮನೆಯಲ್ಲೂ ರಾಶಿ ಬಿದ್ದಿದೆ. ಅದರ ಬದಲು 50 ಗ್ರಾಮಿನ ನಿಮ್ಮ ಪುಡಿ ಕೊಡಬಹುದು ಎಂದು ಡಿಸೆಂಬರಿನಲ್ಲೇ ನಾಲ್ಕು ಜನರ ಕಿವಿಗೆ ಹಾಕಿ. ಒಂದು ಮನೆಯ ವಾಣ ಮೂವತ್ತು ಮನೆಗೆ ಹೋಗುತ್ತದೆ.

ಆದರೆ ರಥಸಪ್ತಮಿಯ ದಿನ ದುಡ್ಡು ಎಣಿಸಬೇಡಿ, ಮೂರನೇ ಸಲ ತಗೊಂಡ ಮನೆ ಎಷ್ಟು ಎಂದು ಎಣಿಸಿ. ಮೊದಲ ಸಲ ನಿಮ್ಮ ಮುಖ ನೋಡಿ ತಗೊಳ್ಳುತ್ತಾರೆ, ಎರಡನೆಯದು ದಾಕ್ಷಿಣ್ಯ, ಮೂರನೆಯದು ನಾಲಿಗೆಯದು. ಮತ್ತೊಂದು ಮಾತು: ಈ ಸಲದ ಸುತ್ತನ್ನು ಮನೆಯವರ ಕೈಯಿಂದ ಹಾಕಿಸಿ. ನಾವೇ ಹಾಕಿದ ಗಡುವನ್ನು ನಾವೇ ಅಳಿಸುವುದು ಬಹಳ ಸುಲಭ, ಬೇರೆಯವರ ಅಕ್ಷರ ಅಳಿಸಲು ಕೈ ಹಿಂಜರಿಯುತ್ತದೆ. ನನ್ನ ಹತ್ತಿರ ಸಲಹೆಗೆ ಬರುವವರಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ.

ಅರವತ್ತು ಮನೆ ಎಲ್ಲಿಂದ? ನಿಮ್ಮ ಡೊಂಬಿವಲಿಯಲ್ಲೇ ಪೋಳಿ-ಭಾಜಿ ಕೇಂದ್ರಗಳಿವೆ, ಅಂದರೆ ಚಪಾತಿ-ಪಲ್ಯ ಮಾರುವ ಅಂಗಡಿಗಳು. ಸಂಜೆ ಲೋಕಲ್ ಇಳಿದು ಮನೆಗೆ ಹೋಗುವ ಹೆಂಗಸರು ಅಲ್ಲೇ ನಾಲ್ಕು ಪೋಳಿಯೋ ಎರಡು ಭಾಕರಿಯೋ ಕಟ್ಟಿಸಿಕೊಳ್ಳುತ್ತಾರೆ. ಭಾಕರಿಯ ಜೊತೆ ನಿಮ್ಮ 15 ಗ್ರಾಮಿನ ಪುಟ್ಟ ಪೊಟ್ಟಣ, ಹತ್ತು ರೂಪಾಯಿ, ಅದರ ಮೇಲೆ ನಿಮ್ಮ ಫೋನ್ ನಂಬರು. ಅದರಲ್ಲಿ ಕೇಂದ್ರದವರು ಮೂರು ರೂಪಾಯಿ ಇಟ್ಟುಕೊಳ್ಳಲಿ. ನಿಮಗೆ ಅಲ್ಲಿ ಲಾಭ ಬೇಡ, ಆ ನಂಬರು ಹಸಿದ ಹೊತ್ತಿನಲ್ಲಿ ಕೈಗೆ ಸಿಕ್ಕರೆ ಸಾಕು. ಎರಡನೆಯದು ಭಿಶಿ, ಅಂದರೆ ಹೆಂಗಸರ ಚೀಟಿ ಕೂಟ. ತಿಂಗಳಿಗೊಮ್ಮೆ ಹದಿನೈದಿಪ್ಪತ್ತು ಹೆಂಗಸರು ಸೇರುವ ಕಡೆ ರೊಟ್ಟಿ, ಬೆಣ್ಣೆ, ಮೂರು ಬಟ್ಟಲು ಪುಡಿ ಇಟ್ಟು ಸುಮ್ಮನಿರಿ. ಯಾರು ಎರಡನೇ ಸಲ ನೀಡಿಸಿಕೊಂಡರೋ ಅವರನ್ನೇ ಆ ಕಟ್ಟಡದ ಆರ್ಡರ್ ಹಿಡಿಯಲು ಕೇಳಿ, ಹತ್ತು ಪ್ಯಾಕೆಟ್ಟಿಗೆ ಒಂದು ಪುಕ್ಕಟೆ. ಹತ್ತು ಕಟ್ಟಡದಲ್ಲಿ ಆರಾರು ಮನೆಯಾದರೆ ಮುಗಿಯಿತು. ರೈಲಿನ ಗೆಳತಿಯರಿಂದ ಆರ್ಡರ್ ಹಿಡಿಯಬಹುದು, ಬೋಗಿಯೊಳಗೆ ಮಾರಾಟ ಮಾತ್ರ ಮಾಡಬೇಡಿ. ಪರವಾನಗಿ ಇಲ್ಲದೆ ಮಾರುವುದು ರೈಲ್ವೆ ಕಾಯ್ದೆಯಲ್ಲಿ ಅಪರಾಧ.

ಕೈಗಳ ಲೆಕ್ಕವನ್ನೂ ಮರೆಯಬೇಡಿ. ಲಿಜ್ಜತ್ ಪಾಪಡದ ಕಥೆ ಹೇಳಿ ನಿಮ್ಮನ್ನು ಹುರಿದುಂಬಿಸುವವರು ಬೇಕಾದಷ್ಟು ಸಿಗುತ್ತಾರೆ. 1959ರಲ್ಲಿ ಇದೇ ಮುಂಬಯಿಯ ಗಿರ್ಗಾಂವ್‌ನಲ್ಲಿ 80 ರೂಪಾಯಿ ಸಾಲದಿಂದ ಶುರುವಾಯಿತು ಎನ್ನುವುದನ್ನು ಹೇಳುತ್ತಾರೆ. ಅಲ್ಲಿ ಏಳು ಜನ ಹೆಂಗಸರಿದ್ದರು, ಲಟ್ಟಣಿಗೆ ಹಿಡಿಯಲು ಹದಿನಾಲ್ಕು ಕೈ ಇದ್ದವು ಎಂಬುದನ್ನು ಬಿಡುತ್ತಾರೆ. ನಿಮ್ಮವು ಎರಡೇ, ಅವಕ್ಕೆ ಅಡುಗೆಮನೆಯ ಕೆಲಸವೂ ಇದೆ. ತಿಂಗಳಿಗೆ 30 ಕಿಲೋ ಮೀರಿದರೆ ಕುಟ್ಟುವ ಕೆಲಸ ಹೊರಗೆ ಕೊಡಿ. ಬೇಸಿಗೆಯಲ್ಲಿ ವರ್ಷದ ಮಸಾಲೆಗೆ ಲಾಲ್‌ಬಾಗಿನ ಮಿರ್ಚಿ ಗಲ್ಲಿಯಲ್ಲಿ ಹೆಂಗಸರು ಸಾಲು ನಿಲ್ಲುತ್ತಾರಲ್ಲ, ಅಂಥ ಮಸಾಲೆ ಕುಟ್ಟಿಕೊಡುವ ಡಂಕದ ಗಿರಣಿ ನಿಮ್ಮ ಕಡೆಯೂ ಇರುತ್ತದೆ, ಮಳೆಗಾಲದಲ್ಲಿ ಅವರಿಗೆ ಕೆಲಸವೂ ಕಡಿಮೆ. ನೀವು ಕೊಳ್ಳಬೇಕಾದ ಮಷಿನ್ ಒಂದೇ, ಕವರಿನ ಬಾಯಿ ಬೆಸೆಯುವ ಕೈ ಸೀಲರ್. ಎರಡು ಸಾವಿರದ ಆಸುಪಾಸಿನಲ್ಲಿ ಬರುತ್ತದೆ. ಮುಲುಂಡಿನ ನಮ್ಮ ಅತ್ತಿಗೆ ಅದನ್ನು ಉಳಿಸಲು ಹೋಗಿ, ಮೇಣದಬತ್ತಿಯಲ್ಲಿ ಕವರು ಸುಟ್ಟು ಅಂಟಿಸಿ, ಒಂದು ಜುಲೈಯಲ್ಲಿ ಒಂಬತ್ತು ಕಿಲೋ ಪುಡಿ ಮುಗ್ಗು ಹಿಡಿಸಿಕೊಂಡರು. ಅಷ್ಟನ್ನೂ ಎಸೆದದ್ದು ನಾನೇ.

ಕಾಗದಪತ್ರದ ಕೆಲಸ ಹೆದರುವಷ್ಟಿಲ್ಲ. ನಿಮ್ಮಂಥ ಸಣ್ಣ ವಹಿವಾಟಿಗೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ, ನೋಂದಣಿ ಸಾಕು, ಅದರ ಫಾಸ್ಕಾಸ್ ಜಾಲತಾಣದಲ್ಲಿ ನೀವೇ ಮಾಡಬಹುದು. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಅದಕ್ಕೆ ದುಡ್ಡು ಕೇಳುವ ಏಜೆಂಟನನ್ನು ಬಾಗಿಲಲ್ಲೇ ಕಳಿಸಿ. ಇವೆರಡನ್ನೂ ಗಣೇಶ ಚೌತಿಯೊಳಗೆ ಮುಗಿಸಿ. ಲೇಬಲ್ಲಿನಲ್ಲಿ ನಿಮ್ಮ ಹೆಸರು-ವಿಳಾಸ, ಹಾಕಿದ ಸಾಮಾನು, ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಸಸ್ಯಾಹಾರದ ಹಸಿರು ಚುಕ್ಕೆ, ನೋಂದಣಿ ಸಂಖ್ಯೆ, ದೂರಿಗೆ ಫೋನ್ ಇರಲಿ. ಶೇಂಗಾ ಇದ್ದರೆ ಅದನ್ನು ಎದ್ದು ಕಾಣುವಂತೆ ಹಾಕಿ, ಕೆಲವರಿಗೆ ಅದು ಅಲರ್ಜಿ. ಮೊದಲಿಗೆ ಇನ್ನೂರು ಸ್ಟಿಕ್ಕರು ಸಾಕು. ಅಚ್ಚು ಹಾಕಿದ ಕವರು ಸಾವಿರಗಟ್ಟಲೆ ತರಬೇಡಿ, ಬೆಲೆ ಇನ್ನೂ ಎರಡು ಸಲ ಬದಲಾಗುತ್ತದೆ.

ರಥಸಪ್ತಮಿಯವರೆಗೆ ನಿಮ್ಮ ಕೈಯಿಂದ ಹೋಗಬಹುದಾದ ದುಡ್ಡಿಗೂ ಒಂದು ಗೆರೆ ಎಳೆಯಿರಿ, ಹತ್ತು ಸಾವಿರ. ಬಂಗಾರ ಕಪಾಟಿನಲ್ಲೇ ಇರಲಿ. ಅಂದು ಅರವತ್ತು ಮನೆ ಆಗಿದ್ದರೆ ನನಗೆ ಮತ್ತೆ ಬರೆಯಿರಿ. ಒತ್ತೆ ಇಲ್ಲದೆ 50,000ದವರೆಗೆ ಸಿಗುವ, ಸರ್ಕಾರದ ಮುದ್ರಾ ಯೋಜನೆಯ ‘ಶಿಶು’ ಸಾಲದ ಮಾತು, ಮಷಿನ್ ಮಾತು ಆಗ ಆಡೋಣ. ಮೂವತ್ತರ ಆಸುಪಾಸಿನಲ್ಲೇ ನಿಂತಿದ್ದರೆ ಹೊಸ ಮನೆ ಹುಡುಕುವುದನ್ನು ನಿಲ್ಲಿಸಿ, ಇರುವ ಮನೆಗಳಿಗೆ ಹೊಸ ಬೆಲೆಯಲ್ಲಿ ಕೊಡುತ್ತಾ ಬೇರೆ ದಾರಿ ನೋಡುವುದು.

ಹುಬ್ಬಳ್ಳಿಯ ವಿಷಯ: ರಾಜ್ಯದೊಳಗೆ ಸರಕು ಮಾರುವವರಿಗೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ತೆರಿಗೆ ಇರುವ ಮಾಲನ್ನು ಗಡಿ ದಾಟಿಸಿ ಮಾರಿದರೆ ಆ ರಿಯಾಯಿತಿ ಇಲ್ಲ, ಮೊತ್ತ ಎಷ್ಟೇ ಸಣ್ಣದಿರಲಿ ನೋಂದಣಿ ಬೇಕು. ತಂಗಿಗೆ ಪುಡಿ ಕಳಿಸಿ, ಅವಳು ತಿನ್ನಲಿ. ದುಡ್ಡು ತಗೊಳ್ಳಬೇಡಿ.