ಎರಡು ಬೇಟೆ ಸೀಸನ್ ಸುತ್ತಿದರೂ ಕೊಂಬಿನ ಬ್ಲ್ಯಾಕ್‌ಟೇಲ್ ಜಿಂಕೆ ಕಣ್ಣಿಗೆ ಬೀಳಲಿಲ್ಲ, ಜಾಗ ಬದಲಿಸಲೇ?

ನೀವು ಬರೆದದ್ದು ಇಷ್ಟು: ಅಮೆರಿಕದ ಒರೆಗಾನ್‌ನ ಕೋಸ್ಟ್ ರೇಂಜ್ ಬೆಟ್ಟಸಾಲಿನಲ್ಲಿ ಎರಡು ಸೀಸನ್, ವಾರಕ್ಕೊಂದು ಹೊಸ ಗುಡ್ಡ. ಆಗಸ್ಟ್‌ನಲ್ಲಿ ಒಂದೇ ಕಡೆ ಮೂರು ಗಂಡು ಕಂಡಿದ್ದವು, ಅಕ್ಟೋಬರ್‌ನಲ್ಲಿ ಅಲ್ಲಿ ಹೆಣ್ಣು, ಮರಿ ಮಾತ್ರ. ಜಾಗ ಬದಲಿಸಲೇ, ಎಚ್‌1ಬಿ ವೀಸಾದಲ್ಲಿ ರೈಫಲ್ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದೀರಿ.

ಬದಲಿಸಬೇಡಿ. ಆ ಮೂರೂ ಹೆಚ್ಚುಕಡಿಮೆ ಅಲ್ಲೇ ಇವೆ. ಕ್ಯಾಸ್ಕೇಡ್ ಪರ್ವತದ ಮೇಲಿನ ಜಿಂಕೆಗಳು ಹಿಮ ಬಿದ್ದಾಗ ಕೆಳಗಿಳಿಯುತ್ತವೆ, ಕೋಸ್ಟ್ ರೇಂಜ್‌ನವು ಸಾಮಾನ್ಯವಾಗಿ ವಲಸೆ ಹೋಗುವುದಿಲ್ಲ. ಒಂದೆರಡು ಚದರ ಮೈಲಿಯೊಳಗೇ ಅವುಗಳ ಸಂಸಾರ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ ಕೊಂಬಿನ ಮೇಲಿನ ತುಪ್ಪಳ ಉದುರುತ್ತಲೇ ಗಂಡು ಬಯಲು ಬಿಟ್ಟು ದಟ್ಟ ಕಾಡು ಸೇರುತ್ತದೆ, ಮೇವೆಲ್ಲ ರಾತ್ರಿಗೆ. ಹತ್ತಿರ ಹೋದರೂ ಚುಕ್ಕೆ ಜಿಂಕೆಯ ಹಾಗೆ ಚಂಗನೆ ಹಾರುವುದಿಲ್ಲ. ಸ್ವೋರ್ಡ್ ಫರ್ನ್ ಪೊದೆಯ ಹಿಂದೆ ಮಲಗಿದಲ್ಲೇ ಮಲಗಿ ನಿಮ್ಮನ್ನು ದಾಟಿಹೋಗಲು ಬಿಡುತ್ತದೆ. ಇಪ್ಪತ್ತು ಗುಡ್ಡ ಸುತ್ತಿದವನು ಇಪ್ಪತ್ತು ಗಂಡುಗಳನ್ನು ದಾಟಿ ಬಂದಿರಬಹುದು.

ಇನ್ನೂರು ಎಕರೆಯಷ್ಟು ಒಂದೇ ಜಾಗ ಹಿಡಿಯಿರಿ. ನಕ್ಷೆಯಲ್ಲಿ ಹುಡುಕಬೇಕಾದ್ದು ಮರ ಕಡಿದು ಮೂರರಿಂದ ಎಂಟು ವರ್ಷವಾದ ಕ್ಲಿಯರ್‌ಕಟ್. ಅಲ್ಲಿ ನೆಲಬಳ್ಳಿ ಬ್ಲ್ಯಾಕ್‌ಬೆರಿ, ಫೈರ್‌ವೀಡ್, ವೈನ್ ಮೇಪಲ್ ಚಿಗುರು ಬಾಯಿಗೆಟಕುವ ಎತ್ತರದಲ್ಲಿರುತ್ತವೆ. ಹತ್ತು ಹನ್ನೆರಡು ವರ್ಷ ದಾಟಿತೆಂದರೆ ಡಗ್ಲಸ್ ಫರ್ ನೆರಳು ಕವಿದು ಮೇವು ಸಾಯುತ್ತದೆ. ಕಟ್‌ಗೆ ತಾಗಿಕೊಂಡೇ ದೊಡ್ಡ ಮರಗಳ ಕಾಡು, ಇಳಿಜಾರಿನ ನಡುವೆ ಮೆಟ್ಟಿಲಿನಂತೆ ಸಮತಟ್ಟಾದ ನೆಲ, ಪೊದೆ ಮುಚ್ಚಿದ ಹಳೆಯ ಲಾಗಿಂಗ್ ರಸ್ತೆ ಇದ್ದರೆ ಅದೇ ಜಾಗ. ಕೋಸ್ಟ್ ರೇಂಜ್‌ನ ಬಹಳಷ್ಟು ಕಡೆ ಸರ್ಕಾರಿ ಮತ್ತು ಖಾಸಗಿ ನೆಲ ಚದುರಂಗದ ಹಾಸಿನಂತೆ ಒಂದೊಂದು ಚದರ ಮೈಲಿಗೆ ಬದಲಾಗುತ್ತದೆ. ಗಡಿ ತೋರಿಸುವ ಆ್ಯಪ್ ಇಲ್ಲದೆ ಒಳಗೆ ಹೋಗಬೇಡಿ. ಗೇಟ್ ಹಾಕಿದ್ದರೂ ನಡೆದು ಹೋಗಲು ಅನುಮತಿಯಿರುವ ರಸ್ತೆ ಸಿಕ್ಕರೆ ಅದನ್ನೇ ಆರಿಸಿ. ಹೆಚ್ಚಿನವರು ಪಿಕಪ್‌ನಿಂದ ಇಳಿಯುವುದೇ ಇಲ್ಲ.

ಎಲ್ಲರೂ ಸೆಪ್ಟೆಂಬರ್‌ನಲ್ಲಿ ಸ್ಕೌಟಿಂಗ್ (ಬೇಟೆಗೆ ಮೊದಲೇ ಜಾಗ, ಜಾಡು ನೋಡಿಡುವುದು) ಶುರುಮಾಡುತ್ತಾರೆ. ನನ್ನ ಪ್ರಕಾರ ಅದಕ್ಕೆ ಸರಿಯಾದ ಕಾಲ ಜನವರಿಯಿಂದ ಮಾರ್ಚ್. ಎಲೆ ಉದುರಿರುತ್ತದೆ, ಫರ್ನ್ ನೆಲಕ್ಕೊರಗಿರುತ್ತದೆ, ನೀವು ಜಿಂಕೆಯನ್ನು ಎಬ್ಬಿಸಿ ಓಡಿಸಿದರೂ ಸೀಸನ್‌ನೊಳಗೆ ಮರೆಯಲು ಅದಕ್ಕೆ ಆರೇಳು ತಿಂಗಳಿದೆ. ಆಲ್ಡರ್, ವಿಲೋ, ಸೀಡರ್ ಸಸಿಗಳಲ್ಲಿ ತೊಗಟೆ ಸುಲಿದ ಕೊಂಬುಜ್ಜಿನ ಗುರುತು ನೋಡಿ. ಕಟ್‌ನ ಅಂಚಿನಲ್ಲಿ ಬೆರಳು ದಪ್ಪದ ಸಸಿ ಸುಲಿದಿದ್ದರೆ ಅದಕ್ಕೆ ಬೆಲೆ ಕಡಿಮೆ, ರಾತ್ರಿ ಮೇಯಲು ಬಂದದ್ದು. ಕಾಡಿನೊಳಗೆ ಮಣಿಕಟ್ಟು ದಪ್ಪದ ಮರದಲ್ಲಿ, ಹಳೆಯ ಕಪ್ಪು ಗಾಯದ ಮೇಲೆ ಕಳೆದ ಸೀಸನ್‌ನ ಹೊಸ ಗಾಯ ಕಂಡರೆ ಅಲ್ಲೇ ನಿಲ್ಲಿ. ಗಂಡುಗಳು ವರ್ಷ ವರ್ಷ ಬಳಸುವ ದಾರಿ ಅದು. ಅಲ್ಲಿಂದ ಮೇಲಕ್ಕೆ ಹೋದರೆ ಸಮತಟ್ಟಿನ ತುದಿಯಲ್ಲಿ, ಬಿದ್ದ ಮರಕ್ಕೆ ಬೆನ್ನು ಕೊಟ್ಟು ಇಳಿಜಾರು ನೋಡುವ ಹಾಗೆ, ಮೊರದಗಲದ ಮಲಗುತಾಣ ಸಿಗುತ್ತದೆ. ಉಜ್ಜು, ಮಲಗುತಾಣ, ಹೆಣ್ಣುಗಳು ಮೇಯುವ ಕಟ್, ಈ ಮೂರನ್ನೂ ನಕ್ಷೆಯಲ್ಲಿ ಚುಕ್ಕೆ ಹಾಕಿ ಗೆರೆ ಎಳೆಯಿರಿ. ಕೂರಬೇಕಾದ್ದು ಆ ಗೆರೆಯ ಪಕ್ಕ, ಮಲಗುತಾಣದಿಂದ ದೂರ.

ಪ್ರಾಣಿ ದಾಟಿದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಇಡುವುದಾದರೆ ತಲೆಗಿಂತ ಎತ್ತರಕ್ಕೆ ಕಟ್ಟಿ ಕೆಳಗೆ ಬಾಗಿಸಿ. ಮುಖ ಉತ್ತರಕ್ಕಿರಲಿ, ದಾರಿಗೆ ಅಡ್ಡವಲ್ಲ, ಓರೆಯಾಗಿ. ಅಡ್ಡ ಇಟ್ಟರೆ ಬಾಲ ಮಾತ್ರ ಸಿಗುತ್ತದೆ. ಎದುರಿನ ಫರ್ನ್ ಸವರದಿದ್ದರೆ ಗಾಳಿಗೆ ಅಲುಗಾಡಿ ಕಾರ್ಡ್ ತುಂಬಾ ಫರ್ನ್ ಚಿತ್ರವೇ. ಚಳಿಗೆ ಲಿಥಿಯಂ ಬ್ಯಾಟರಿ. ವಾರವಾರ ಹೋಗಿ ನೋಡುವ ಚಟ ಬಿಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಅದೂ ಮಳೆ ಬರುತ್ತಿರುವಾಗ ಹೋದರೆ ನಿಮ್ಮ ವಾಸನೆ ತೊಳೆದುಹೋಗುತ್ತದೆ. ರಾತ್ರಿ ಎರಡು ಗಂಟೆಯ ಚಿತ್ರ ಮಾತ್ರ ಬರುತ್ತಿದ್ದರೆ ಜಾಗ ತಪ್ಪಲ್ಲ. ಕ್ಯಾಮೆರಾ ಜಿಂಕೆಯ ಮನೆಯಿಂದ ದೂರವಿದೆ, ನೂರು ಗಜ ಕಾಡಿನೊಳಕ್ಕೆ ಸರಿಸಿ. ಕ್ಯಾಮೆರಾ ಬಳಕೆಯ ನಿಯಮ ಬದಲಾಗುವುದುಂಟು, ಆ ವರ್ಷದ ನಿಯಮಾವಳಿ ಓದಿಕೊಳ್ಳಿ.

ಇನ್ನು ತಾಳ್ಮೆ. ಮಲೆನಾಡಿನ ಹಳೆಯ ಬೇಟೆಮಾತಿನಲ್ಲಿ ಹೇಳುವುದಾದರೆ ಇದು ಕಾಡು ಸೋವಿ ಪ್ರಾಣಿ ಎಬ್ಬಿಸುವ ಸೋವಿನ ಬೇಟೆಯಲ್ಲ, ಅಡಗಿ ಕಾಯುತ್ತ ಮರಸು ಕೂರುವ ಬೇಟೆ. ಮುಂಜಾನೆ ತಣ್ಣನೆ ಗಾಳಿ ಇಳಿಜಾರು ಇಳಿಯುತ್ತದೆ, ಬಿಸಿಲೇರಿದಂತೆ ಮೇಲೇರುತ್ತದೆ, ಸಂಜೆ ಮತ್ತೆ ಇಳಿಯುತ್ತದೆ. ಬೆಳಿಗ್ಗೆ ಆರಕ್ಕೆ ಸರಿಯಿದ್ದ ಕೂರುಜಾಗ ಹತ್ತಕ್ಕೆ ನಿಮ್ಮ ವಾಸನೆಯನ್ನು ನೇರ ಮಲಗುತಾಣಕ್ಕೆ ಒಯ್ಯುವುದು ಹೀಗೆ. ಗಾಳಿಯ ದಿಕ್ಕು ನೋಡಲು ಪುಡಿ ಊದುವ ಸೀಸೆ ಜೇಬಿನಲ್ಲಿರಲಿ, ಗಾಳಿ ತಿರುಗುವ ಮೊದಲೇ ಎದ್ದು ಬದಲಿ ಜಾಗಕ್ಕೆ ಹೋಗಿ. ಅದಕ್ಕೇ ಮೊದಲೇ ಎರಡು ಜಾಗ ಗೊತ್ತುಮಾಡಿರಬೇಕು.

ಪಶ್ಚಿಮ ಒರೆಗಾನ್‌ನ ರೈಫಲ್ ಸೀಸನ್ ನವೆಂಬರ್ ಮೊದಲ ವಾರದ ಹೊತ್ತಿಗೆ ಮುಗಿಯುತ್ತದೆ, ಬೆದೆ ತಾರಕಕ್ಕೇರುವುದು ಅದರ ನಂತರ. ಹಾಗಾಗಿ ಇರುವ ರಜೆಯನ್ನೆಲ್ಲ ಕೊನೆಯ ಹತ್ತು ದಿನಕ್ಕೆ ಇಟ್ಟುಕೊಳ್ಳಿ. ಆಗ ಗಂಡುಗಳು ಹೆಣ್ಣಿನ ಗುಂಪು ಹುಡುಕಿ ಹಗಲಲ್ಲೂ ನಡೆಯತೊಡಗುತ್ತವೆ. ಹತ್ತು ಗಂಟೆಗೆ ತಿಂಡಿಗೆಂದು ಗಾಡಿಗೆ ಮರಳುವುದು ದೊಡ್ಡ ತಪ್ಪು, ಮಧ್ಯಾಹ್ನ ಎರಡರವರೆಗೆ ಕೂತಿರಿ. ಜಿಟಿಜಿಟಿ ಮಳೆ, ಜೋರು ಮಳೆ ನಿಂತ ಮೊದಲ ಗಂಟೆ ಒಳ್ಳೆಯವು. ಬಿರುಗಾಳಿಯ ದಿನ ಅವು ಏಳುವುದೇ ಕಡಿಮೆ. ಒಣ ದಿನ ಸಲಾಲ್ ಪೊದೆಯ ಎಲೆ ಹಪ್ಪಳದಂತೆ ಮುರಿಯುತ್ತದೆ, ನಡೆಯಬೇಡಿ. ಗಂಡನ್ನು ಸೆಳೆಯಲು ನೀವು ಎರಡು ಕೊಂಬು ಬಡಿದು ಸದ್ದು ಮಾಡಿದರೆ ಕನಿಷ್ಠ ಮುಕ್ಕಾಲು ಗಂಟೆ ಅಲುಗಬೇಡಿ. ಬ್ಲ್ಯಾಕ್‌ಟೇಲ್ ಸದ್ದಿಲ್ಲದೆ ಸುತ್ತುಬಳಸಿ ಬರುತ್ತದೆ, ಎದ್ದು ನಿಂತಾಗಲೇ ಅದು ಇಪ್ಪತ್ತು ಗಜದಲ್ಲಿರುವುದು.

ದುರ್ಬೀನಿನಲ್ಲಿ ಇಡೀ ಜಿಂಕೆ ಹುಡುಕಬೇಡಿ. ನೆಟ್ಟಗಿನ ಕಾಂಡಗಳ ನಡುವೆ ಅಡ್ಡ ಗೆರೆ ಬೆನ್ನಾಗಿರಬಹುದು, ಮಳೆಹನಿ ಕೊಡವುವ ಕಿವಿ, ಒದ್ದೆ ಮೂಗಿನ ಹೊಳಪು ಇವನ್ನು ನೋಡಿ. ಕಾಡಿನೊಳಗೆ 8x42 ಸಾಕು. ಸ್ಕೋಪ್ ಅತಿ ಕಡಿಮೆ ಪವರ್‌ನಲ್ಲಿರಲಿ, ಈಡು ಸಿಗುವುದು ಹೆಚ್ಚಾಗಿ ನೂರು ಗಜದೊಳಗೆ. ನಳಿಗೆಯ ಬಾಯಿಗೆ ಟೇಪ್ ಹಚ್ಚಿದರೆ ಮಳೆನೀರು ಒಳಗಿಳಿಯದು. ಗುಂಡು ತಗುಲಿದ ಮೇಲೆ ಅರ್ಧ ಗಂಟೆ ಕಾಯುವುದು ರೂಢಿ, ಆದರೆ ಸುರಿಮಳೆಯಲ್ಲಿ ಅಷ್ಟರಲ್ಲಿ ರಕ್ತದ ಜಾಡೇ ಉಳಿಯದು. ಆಗ ಬೇಗ, ಮೆಲ್ಲನೆ ಹೊರಡಿ. ಹೊರಡುವ ಮುನ್ನ ನೀವು ನಿಂತಲ್ಲೊಂದು, ಅದು ನಿಂತಲ್ಲೊಂದು ಬಣ್ಣದ ಪಟ್ಟಿ ಕಟ್ಟಿ. ಫರ್ನ್ ಕಾಡಿನಲ್ಲಿ ಹತ್ತು ಹೆಜ್ಜೆಗೆ ಎಲ್ಲವೂ ಒಂದೇ ಥರ ಕಾಣುತ್ತದೆ.

ವೀಸಾ ವಿಷಯ. ವಲಸೆಯೇತರ ವೀಸಾದವರು ಬಂದೂಕು, ಮದ್ದುಗುಂಡು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿಯಿದೆ. ಒರೆಗಾನ್‌ನ ವಾರ್ಷಿಕ ಲೈಸೆನ್ಸ್ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ರೈಫಲ್ ಮಾತ್ರ ನಿಮ್ಮ ಕಪಾಟಿನಲ್ಲೇ ಇರುತ್ತದೆ. ಹೊಸ ವರ್ಷದ್ದನ್ನು ಡಿಸೆಂಬರ್‌ನಲ್ಲೇ ಕೊಂಡಿಟ್ಟುಕೊಳ್ಳಿ, ಒಂದು ದಿನವೂ ಖಾಲಿ ಬಿಡಬೇಡಿ. ರೈಫಲ್ ಕೊಳ್ಳುವ ಮೊದಲು ವಲಸೆ ವಕೀಲರನ್ನು ಒಮ್ಮೆ ಕೇಳಿ.